ಹಲಗಿ ಕೈ

ರುಕ್ಮಣ್ಣ ಮಾಸ್ತರ ಸತ್ತ ಸುದ್ದಿಯನ್ನು ನನ್ನ ಅಂಗಡಿಗೆ ತಂದವನು ಅವನ ಸೋದರಳಿಯ ಸಿದ್ದು. ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ರೇಡಿಯೋ, ಟೇಪರಿಕಾರ್ಡರ್ ರಿಪೇರಿ ಅಂಗಡಿ. ಬೆಳಿಗ್ಗೆ ಹತ್ತರ ಹೊತ್ತು. ಮೆಟ್ಟಿಲ ಮೇಲೆ ನಿಂತು, ಮಾವ ಹೋಗಿಬಿಟ್ಟ ಅಂದ. ನಾನು ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗೆ ಇಡಲಿಲ್ಲ.

ಸಿದ್ದುವಿನ ಬಗಲಲ್ಲಿ ಪೇಪರಿನಲ್ಲಿ ಸುತ್ತಿದ ಗಂಟೊಂದಿತ್ತು. ಅದನ್ನು ಕೌಂಟರಿನ ಮೇಲಿಟ್ಟು ಬಿಚ್ಚಿದ. ಕೆಂಪು ಕೋಟು, ಹೆಗಲ ಮೇಲೆ ಜರಿ ಪಟ್ಟಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಡಾಂಬರ್ ಗುಳಿಗೆ, ಹಳೆಯ ಬೆವರು, ಗುಂಡಿ ತಿಕ್ಕಿದ ಹುಣಸೆಹುಳಿ, ಮೂರೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದವು. ಹನ್ನೆರಡು ವರ್ಷದ ಹಿಂದೆ ಈ ಕೋಟು ನನ್ನದಾಗಿತ್ತು. ನನ್ನ ಮೈಯಿಂದ ಇಳಿಸಿ ಸಿದ್ದುವಿಗೆ ತೊಡಿಸಿದ್ದು ಈಗ ಸತ್ತಿರುವ ಅವನ ಮಾವನೇ.

"ಒಂದ್ ಮಾತ ಕೇಳಾಕ ಬಂದೀನ್ರಿ," ಅಂದ ಸಿದ್ದು.

"ಆಮ್ಯಾಲ ಕೇಳುವಿಯಂತ. ಮೊದ್ಲ ಕೂಡು," ಅಂದೆ.

ಅವನು ಸ್ಟೂಲಿನ ಮೇಲೆ ಕೂತ. ಕೋಟು ಕಳೆದುಕೊಂಡ ಆ ಬೇಸಿಗೆಯನ್ನು ನಾನು ಮೊದಲಿನಿಂದ ಕೊನೆಯ ತನಕ ನೆನೆಸಿಕೊಳ್ಳುವವರೆಗೆ ಅವನು ಅಲ್ಲೇ ಕಾಯಲಿ ಅನ್ನಿಸಿತು.

ಎಂಬತ್ತರ ದಶಕದ ನಡುವಿನ ಬೇಸಿಗೆ ಅದು. ನನಗೆ ಇಪ್ಪತ್ತನಾಲ್ಕು. ರುಕ್ಮಣ್ಣ ಮಾಸ್ತರನ ಮದುವೆ ಬ್ಯಾಂಡಿನಲ್ಲಿ ಮೂರು ವರ್ಷದಿಂದ ಸೈಡ್ ಡ್ರಮ್ ಬಾರಿಸುತ್ತಿದ್ದೆ. ನಾವು ಹನ್ನೊಂದು ಮಂದಿ. ಮಾಸ್ತರನದು ಕ್ಲಾರಿನೆಟ್. ಮನುಷ್ಯ ಹೇಗೇ ಇರಲಿ, ಅವನ ಉಸಿರು ಶುದ್ಧವಾಗಿತ್ತು, ಅದನ್ನು ಇಲ್ಲವೆನ್ನಲಾರೆ. ಡ್ರಮ್ಮಿನವರಿಗೆ ಅವನು ಕಲಿಸಿದ್ದು ಒಂದೇ ಪಾಠ. "ಭರ್ತಿ ಮಾಡ್ರಿ ಲೇ, ಖಾಲಿ ಬಿಡಬ್ಯಾಡ್ರಿ. ಖಾಲಿ ಬಿಟ್ರ ಬ್ಯಾಂಡ್ ನಿಂತದ ಅಂತಾರ ಮಂದಿ." ಎರಡು ಪೆಟ್ಟಿನ ನಡುವೆ ಸಾಸಿವೆಯಷ್ಟು ಜಾಗ ಕಂಡರೂ ನಾವು ಅಲ್ಲಿ ಗಿರಗಿರ ಅಂತ ಏನಾದರೂ ತುಂಬಬೇಕು. ಬರುಬರುತ್ತಾ ಅದು ಹೇಳಿಸಿಕೊಳ್ಳದೆಯೇ ಆಗುವ ಕೆಲಸವಾಯಿತು. ಹೋಟೆಲಿನಲ್ಲಿ ಚಹಕ್ಕೆ ಕಾಯುವಾಗಲೂ ನಮ್ಮ ಬೆರಳು ಮೇಜಿನ ಮೇಲೆ ತುಂಬುತ್ತಿದ್ದವು.

ನಮ್ಮಪ್ಪ ಹಲಗಿ ಬಾರಿಸುತ್ತಿದ್ದವನು. ಊರಲ್ಲಿ ಯಾರ ಹೆಣ ಎದ್ದರೂ ಅದರ ಮುಂದೆ ಬಾರಿಸುತ್ತಾ ನಡೆಯುವುದು ನಮ್ಮ ಮನೆತನಕ್ಕೆ ಬಿದ್ದ ಕೆಲಸ. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ಬುದ್ಧನ ದೀಕ್ಷೆ ತಗೊಂಡ. ಅದೇ ವಾರ, ಸೊನ್ನದ ಹತ್ತಿರ ಭೀಮಾ ಹೊಳೆಗೆ ಇಳಿದು, ಹಲಗಿಯನ್ನು ನೀರಿಗೆ ಬಿಟ್ಟುಬಂದ. ಅಷ್ಟರಲ್ಲಿ ನನ್ನ ಬೆರಳು ಕಲಿಯುವುದನ್ನು ಕಲಿತುಬಿಟ್ಟಿದ್ದವು. ಮುಂದೆ ನಾನು ಮದುವೆ ಬ್ಯಾಂಡು ಸೇರಿದಾಗ ಅಪ್ಪ ಬೇಡ ಅನ್ನಲಿಲ್ಲ. ಮದುವೆ ಬೇರೆ, ಹೆಣ ಬೇರೆ ಅಂತ ಅವನ ಲೆಕ್ಕ. ಕೆಂಪು ಕೋಟಿಗೆ ತಾನೇ ಇಸ್ತ್ರಿ ಮಾಡಿಕೊಡುತ್ತಿದ್ದ.

ಆ ವರ್ಷದ ಮೊದಲ ದೊಡ್ಡ ಮದುವೆ ಊರಿನ ಅಡತಿ ವ್ಯಾಪಾರಿಯೊಬ್ಬರದು. ಮೆರವಣಿಗೆ ಹೊರಡುವ ಹೊತ್ತಿಗೆ ಅವರ ಕಡೆಯ ಹಿರಿಯರೊಬ್ಬರು ನನ್ನನ್ನು ದಿಟ್ಟಿಸಿ ನೋಡಿ ಮಾಸ್ತರನ ಕಿವಿಯಲ್ಲಿ ಏನೋ ಕೇಳಿದರು. ಇವ ಯಾರ ಮಗ ಅಂತ ಕೇಳಿರಬೇಕು, ಬೇರೇನು ಕೇಳುತ್ತಾರೆ. ಮಾಸ್ತರ ನೆಟ್ಟಗೆ ನನ್ನ ಹತ್ತಿರ ಬಂದ. ನನ್ನ ಕೊರಳಿಂದ ಡ್ರಮ್ಮಿನ ಪಟ್ಟಿ ತೆಗೆದ.

"ನಿಂದು ಹಲಗಿ ಕೈ ಅದ ಅರ್ಜುನ," ಅಂದ. "ಹೆಣದ ಮುಂದ ಛಲೋ ಅದು. ಮದಿವಿಗಿ ಬ್ಯಾಡ. ಇವತ್ತಿಂದ ನೀ ಝಾಂಜ್ ಹಿಡಿ."

ಎಲ್ಲರಿಗೂ ಕೇಳುವ ಹಾಗೆ ಅಂದ. ನಮ್ಮ ಹತ್ತು ಮಂದಿಗೆ, ಕುದುರೆ ಹಿಡಿದವನಿಗೆ, ಆರತಿ ತಟ್ಟೆ ಹಿಡಿದು ನಿಂತ ಹೆಣ್ಣುಮಕ್ಕಳಿಗೆ. ಮೂರು ವರ್ಷ ಇದೇ ಕೈ ಅವನಿಗೆ ಸರಿಯಾಗಿತ್ತು. ಆ ಹಿರಿಯರು ಕೇಳಿದ ಕ್ಷಣಕ್ಕೆ ಅದು ಹಲಗಿ ಕೈ ಆಯಿತು. ಜಾತಿಯ ಮಾತನ್ನು ಜಾತಿಯ ಮಾತು ಅಂತಲೇ ಆಡಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೋ ಏನೋ. ಅದನ್ನು ಅವನು ನನ್ನ ವಿದ್ಯೆಯ ಮೇಲೆ ಹಾಕಿದ. ಆ ದಿನ ನಾನು ಝಾಂಜ್ ಬಡಿದೆ. ಎರಡು ಹಿತ್ತಾಳೆ ತಟ್ಟೆಗಳ ನಡುವೆ ಅವನ ತಲೆ ಇದೆ ಅಂದುಕೊಂಡು ಬಡಿದೆ.

ಮರುದಿನ ಅವನು ಇನ್ನೊಂದು ಮಾಡಿದ. ಡ್ರಮ್ಮಿಗೆ ಅಳಿಯ ಸಿದ್ದು ಬರುತ್ತಾನೆ, ಡ್ರಮ್ಮಿನವನ ಜರಿಪಟ್ಟಿ ಕೋಟು ಅವನಿಗೆ ಬೇಕು. ನಮ್ಮ ಕೋಟುಗಳನ್ನೆಲ್ಲ ಹೊಲಿದವನು ಆಳಂದದ ಮೌಲಾಸಾಬ ಟೇಲರ್. "ನೀನೇ ಆಳಂದಕ್ಕ ಹೋಗಿ ನಿನ್ನ ಕೋಟು ಸಿದ್ದೂನ ನಾಪಿಗಿ ಸಣ್ಣ ಮಾಡ್ಸಕೊಂಡ ಬಾ," ಅಂದ. ನನ್ನ ಕೋಟನ್ನು ಇನ್ನೊಬ್ಬನಿಗಾಗಿ ಕತ್ತರಿಸಲು ನಾನೇ ಒಯ್ಯಬೇಕು. ಆಗಲ್ಲ ಅನ್ನಬಹುದಿತ್ತು. ಅನ್ನಲಿಲ್ಲ, ಅದೂ ನನ್ನ ಹೊಟ್ಟೆ ಉರಿಸುವ ಸಂಗತಿಯೇ. ಬಸ್ಸಿನ ಕಿಟಕಿಯಿಂದ ಎಲ್ಲಾದರೂ ಒಗೆದುಬಿಡಬೇಕು ಅಂದುಕೊಂಡು ಹತ್ತಿದೆ. ಆಳಂದ ಬರುವ ತನಕ ಕೋಟು ತೊಡೆಯ ಮೇಲೆಯೇ ಇತ್ತು.

ಮೌಲಾಸಾಬ ಐವತ್ತರ ಆಸುಪಾಸಿನ ಮನುಷ್ಯ, ಬಾಯಲ್ಲಿ ಸದಾ ಎರಡು ಗುಂಡುಸೂಜಿ. ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರ, ಅದರಲ್ಲೊಂದು ಕೆಟ್ಟು ಮೂಲೆ ಸೇರಿತ್ತು. ನನ್ನ ಮಾತು ಕೇಳಿ, ಸಿದ್ದುವಿನ ಅಳತೆಯ ಚೀಟಿ ನೋಡಿ, ಕೋಟನ್ನು ಒಳಹೊರಗೆ ತಿರುವಿದ.

"ಕತ್ರಿ ಹಾಕಂಗಿಲ್ಲ ನಾ," ಅಂದ. "ಬಟ್ಟಿ ಒಳಗ ಮಡಚಿ ಹೊಲೀತೇನಿ. ಯಾರ ಮೈಗಿ ಯಾವಾಗ ತಿರುಗಿ ಬೇಕಾಗ್ತದೋ ಯಾರಿಗಿ ಗೊತ್ತು. ಜರಾ ಕೂಡು, ತಾಸ್ ಹೊತ್ತಿನ ಕೆಲಸ."

ಅವನ ತಮ್ಮ ಮಸ್ಕತ್ತಿನಲ್ಲಿ ಕಟ್ಟಡ ಕೆಲಸಕ್ಕಿದ್ದ. ಅಲ್ಲಿಂದ ತಂದುಕೊಟ್ಟ ಟೇಪರಿಕಾರ್ಡರು ಗಲ್ಲಾಪೆಟ್ಟಿಗೆಯ ಮೇಲಿತ್ತು. ಮೌಲಾಸಾಬ ಒಂದು ಕ್ಯಾಸೆಟ್ ಹಾಕಿದ. ಕವರಿಲ್ಲ, ಹೆಸರಿಲ್ಲ. ತಮ್ಮನ ಕ್ಯಾಂಪಿನಲ್ಲಿದ್ದ ಇಂಗ್ಲಿಷ್ ಮೇಸ್ತ್ರಿಯೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋದದ್ದಂತೆ. ಅದರ ಮೇಲೆ ತಮ್ಮ ಉರ್ದುವಿನಲ್ಲಿ ಅಂಗ್ರೇಜಿ ಢೋಲ್ ಅಂತ ಬರೆದಿದ್ದ. ಅದನ್ನು ಬಾರಿಸಿದವನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಈಚೆಗೆ ತಿಳಿದವರು ಯಾರೋ, ಹೇಳುತ್ತೇನೆ ಬಾ ಅಂದರು. ಬೇಡ ಅಂದೆ. ಹೆಸರು ಗೊತ್ತಾದರೆ ಅವನು ಎಲ್ಲರವನಾಗಿಬಿಡುತ್ತಾನೆ.

ಮೊದಲು ದೊಡ್ಡ ಡ್ರಮ್ಮಿನ ಒಂದೇ ಪೆಟ್ಟು. ಕಾಳು ತುಂಬಿಡುವ ನೆಲದಡಿಯ ಖಾಲಿ ಹಗೇವಿನೊಳಗೆ ಕಲ್ಲು ಒಗೆದ ಹಾಗೆ. ಆಮೇಲೆ ಏನೂ ಇಲ್ಲ. ಟೇಪು ಹರಿಯಿತು ಅಂದುಕೊಂಡು ನಾನು ಆ ಕಡೆ ತಿರುಗುವಷ್ಟರಲ್ಲಿ ಸೈಡ್ ಡ್ರಮ್ಮು ಬಿತ್ತು. ಬೀಳಬೇಕಾದ ಜಾಗದಲ್ಲಿ ಬೀಳಲಿಲ್ಲ, ಒಂದು ಕೂದಲೆಳೆಯಷ್ಟು ತಡವಾಗಿ ಬಿತ್ತು. ಮತ್ತೆ ಖಾಲಿ, ಮತ್ತೆ ಪೆಟ್ಟು. ನನ್ನ ಬೆರಳು ಆ ಖಾಲಿ ಜಾಗ ತುಂಬಲು ತೊಡೆಯ ಮೇಲೆ ತಮ್ಮಷ್ಟಕ್ಕೆ ಓಡಿದವು. ಅವನು ಮಾತ್ರ ತುಂಬಲಿಲ್ಲ. ಜಗತ್ತೆಲ್ಲ ತನಗಾಗಿ ಕಾಯುತ್ತದೆ ಅನ್ನುವ ಧೈರ್ಯ ಆ ಮನುಷ್ಯನದು. ಗಿಟಾರಿನವರು ಮುಂದೆ ಓಡುತ್ತಿದ್ದರು, ಹಾಡುವವನು ಕಿರುಚುತ್ತಿದ್ದ, ಇವನು ಮಾತ್ರ ಹಿಂದೆ ಕೂತು ಅವರೆಲ್ಲರ ಲಗಾಮು ಹಿಡಿದಿದ್ದ. ಜೋರಾಗಿ ಬಾರಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೆ. ತೂಕ ಇಟ್ಟು ಬಾರಿಸುವವನನ್ನು ಕೇಳಿದ್ದು ಅದೇ ಮೊದಲು.

"ಎಷ್ಟ್ ಮಂದಿ ಇದ್ದಾರ್ರಿ ಡ್ರಮ್ಮಿಗಿ?" ಅಂತ ಕೇಳಿದೆ. "ಮೂರಾ ನಾಕಾ?"

"ಒಬ್ಬನೇ," ಅಂದ ಮೌಲಾಸಾಬ. "ನಾನೂ ಮೊದ್ಲ ನಂಬಲಿಲ್ಲ. ಆಮ್ಯಾಲ ತಿಳೀತು, ದೊಡ್ಡ ಢೋಲು ಕಾಲಿಂದ ಹೊಡ್ಯಾಕತ್ತಾನ. ನೋಡು." ಅವನು ಯಂತ್ರದ ಪೆಡಲಿನ ಮೇಲೆ ಪಾದವಿಟ್ಟು, ಸೂಜಿಗೆ ದಾರ ಹಾಕದೆ, ಟೇಪಿನ ಜೊತೆ ತುಳಿದ. ಹಿಮ್ಮಡಿ ಒಮ್ಮೆ, ಮುಂಗಾಲು ಎರಡು ಸಲ ಬೆನ್ನುಬೆನ್ನಿಗೆ. ಆ ಮೂರು ಪೆಟ್ಟು ಎಷ್ಟು ಬೇಗ ಬರುತ್ತಿದ್ದವೆಂದರೆ ಕೈಯಿಂದ ಹೊಡೆಯಲೂ ನನಗೆ ಆಗುತ್ತಿರಲಿಲ್ಲ. "ಮೂವತ್ತ ವರ್ಷ ತುಳದೀನಿ ನಾ. ಕಾಲಿನ ಕೆಲಸ ಕಾಲಿಗಿ ಗೊತ್ತಾಗ್ತದ," ಅಂದ.

ಕ್ಯಾಸೆಟ್ಟಿನ ಎರಡನೆಯ ಮಗ್ಗುಲಲ್ಲಿ ಮಿಕ್ಕವರೆಲ್ಲ ನಿಲ್ಲಿಸಿ ಅವನೊಬ್ಬನನ್ನೇ ಬಿಟ್ಟರು. ಬಹಳ ಹೊತ್ತು ಕೋಲಿನಿಂದ ಬಾರಿಸಿದ. ಆಮೇಲೆ ಸದ್ದು ಬದಲಾಯಿತು. ಕೋಲು ಒಗೆದಿದ್ದ. ಬರಿಗೈಯಿಂದ ಚರ್ಮ ಬಡಿಯುತ್ತಿದ್ದ. ಅಂಗೈಯ ಬುಡ ಯಾವುದು, ಬೆರಳ ತುದಿ ಯಾವುದು, ಉಗುರು ತಾಗಿದ್ದು ಎಲ್ಲಿ, ಒಂದೊಂದೂ ನನಗೆ ಬೇರೆಬೇರೆಯಾಗಿ ಕೇಳಿತು. ಹದಿನಾರು ವರ್ಷದ ಹಿಂದೆ ಹೊಳೆಗೆ ಹೋದ ಸದ್ದು ಅದು. ನಮ್ಮಪ್ಪ ಬೆಂಕಿಯ ಮುಂದೆ ಹಲಗಿ ಕಾಯಿಸಿ, ಕಾದಿದೆಯೋ ಇಲ್ಲವೋ ಅಂತ ಬೆರಳಿನಿಂದ ನೋಡುತ್ತಿದ್ದ ಸದ್ದು. ಆ ಕ್ಯಾಸೆಟ್ಟಿನಲ್ಲಿ ಸಾವಿರಾರು ಮಂದಿ ಅದಕ್ಕೆ ಕೂಗುತ್ತಿದ್ದರು.

ಕಣ್ಣು ತುಂಬಿಬಂದವು. ಅಳು ಅಲ್ಲ, ಸಿಟ್ಟು. ಇವನಿಗೂ ಯಾವನೋ ಮಾಸ್ತರ ಎಂದೋ ಒಮ್ಮೆ ಹಾಗೇ ಅಂದಿರಬೇಕು, ಅದರ ಸೇಡನ್ನು ಇವನು ಹೀಗೆ ತೀರಿಸುತ್ತಿರಬೇಕು ಅಂತ ನಾನು ಅಲ್ಲೇ ತೀರ್ಮಾನ ಮಾಡಿದೆ. ನಿಜವೋ ಸುಳ್ಳೋ ಗೊತ್ತಿಲ್ಲ. ನನಗೆ ಆಗ ಬೇಕಾಗಿದ್ದದ್ದು ಅದು.

ಕೋಟು ತಂದು ಸಿದ್ದುವಿನ ಕೈಗೆ ಕೊಟ್ಟೆ, ಝಾಂಜನ್ನು ಮಾಸ್ತರನ ಕಟ್ಟೆಯ ಮೇಲಿಟ್ಟೆ, ಮರುದಿನವೇ ತಿರುಗಿ ಆಳಂದಕ್ಕೆ ಹೋದೆ. ಮೂರು ವಾರ ಮೌಲಾಸಾಬನ ಅಂಗಡಿಯಲ್ಲಿ ಗುಂಡಿ ಹಚ್ಚಿದೆ, ಅಂಚು ಮಡಚಿದೆ. ಊಟವಾದ ಮೇಲೆ ಬಿಸಿಲಿಗೆ ಗಿರಾಕಿ ಬರುತ್ತಿರಲಿಲ್ಲ, ಆಗ ಕ್ಯಾಸೆಟ್. ಒಂದು ಪೆಟ್ಟು ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ಸುತ್ತುವುದು. ಕೆಟ್ಟ ಯಂತ್ರದ ಪೆಡಲಿನ ಮೇಲೆ ಕಾಲು, ಬಟ್ಟೆಯ ಗಂಟಿನ ಮೇಲೆ ಕೈ. ಕಾಲು ಕಲಿಸುವವನು ಮೌಲಾಸಾಬ. ಬಲ ಮೀನಖಂಡ ಊದಿಕೊಂಡು ನಡೆಯಲು ಆಗದಂತಾಯಿತು. ಕಾಲಿಗಿಂತ ಕಷ್ಟವಾದದ್ದು ಕೈ ಕಟ್ಟಿ ಕೂರುವುದು. ಎರಡು ಪೆಟ್ಟಿನ ನಡುವೆ ಏನೂ ಮಾಡದಿರುವುದನ್ನು ಕಲಿಯಲು ನನಗೆ ಹದಿನೈದು ದಿನ ಬೇಕಾದವು. ಮಾಸ್ತರ ನನ್ನ ಬೆರಳೊಳಗೆ ಅಷ್ಟು ಆಳಕ್ಕೆ ಹೊಕ್ಕು ಕೂತಿದ್ದ. ಅವನನ್ನು ಒಂದೊಂದೇ ಬೆರಳಿನಿಂದ ಕಿತ್ತುಹಾಕಿದೆ.

ಹೊರಡುವ ದಿನ ಮೌಲಾಸಾಬ ಆ ಕೆಟ್ಟ ಯಂತ್ರದ ಪೆಡಲನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಟ್ಟ. "ಯಾರ ಮ್ಯಾಲ ಇಷ್ಟ್ ಸಿಟ್ಟು?" ಅಂತ ಆಗ ಕೇಳಿದ. ಹೇಳಿದೆ. ಅವನು ಬಾಯಲ್ಲಿನ ಗುಂಡುಸೂಜಿ ತೆಗೆದು, "ಹಂಗಾದ್ರ ಅವನ ಮುಂದನೇ ಬಾರಸು. ಹಿಂದ ಬೈಯೋದಕ್ಕ ಇಷ್ಟ್ ಕಾಲ ನೋಯಿಸ್ಕೋಬಾರದು," ಅಂದ.

ಜೇವರ್ಗಿಯಲ್ಲಿ ಇಮಾಮಸಾಬರದು ಒಂದು ಬ್ಯಾಂಡು. ಅವರ ಡ್ರಮ್ಮಿನವನು ಸೊಲ್ಲಾಪುರದ ಗಿರಣಿಗೆ ಹೋಗಿ ಜಾಗ ಖಾಲಿಯಿತ್ತು. ಹೋಗಿ ನಿಂತೆ. ಇಮಾಮಸಾಬರು ದೊಡ್ಡ ಪಿಪಾಣಿ ಊದುವವರು, ಮಾತು ಕಮ್ಮಿ. ನನ್ನ ಪೆಡಲು, ನಾನು ಕೂತು ಬಾರಿಸುವ ರೀತಿ ನೋಡಿ ತಲೆ ಕೆರೆದುಕೊಂಡರು.

"ಕುಂತ್ ಬಾರಸೋದು ಕಛೇರ್ಯಾಗ ಛಲೋ. ನಮ್ದು ನಡಿಯೋ ಧಂದಾ ಅಲ್ಲೇನಪಾ," ಅಂದರು.

"ನಾ ನಡಿಯಂಗಿಲ್ಲ. ಗಾಡಿ ನಡೀತದ," ಅಂದೆ.

ಬಾಳೆಹಣ್ಣು ಮಾರುವವನೊಬ್ಬನಿಂದ ಹಳೆಯ ಕೈಗಾಡಿ ತಂದೆವು. ಸೈಕಲ್ ಅಂಗಡಿಯವನು ಪೆಡಲಿಗೆ ಸೀಟಿನ ಸ್ಪ್ರಿಂಗ್ ಹಾಕಿ, ಬಟ್ಟೆ ಸುತ್ತಿದ ಮರದ ಸುತ್ತಿಗೆಯನ್ನು ಜೋಡಿಸಿ, ತುಳಿದರೆ ಅದು ದೊಡ್ಡ ಡ್ರಮ್ಮಿಗೆ ಹೋಗಿ ಬಡಿಯುವ ಹಾಗೆ ಮಾಡಿಕೊಟ್ಟ. ಡ್ರಮ್ಮನ್ನು ಗಾಡಿಯ ಹಿಂಬದಿಗೆ ಕಟ್ಟಬೇಕಾಯಿತು, ಇಲ್ಲದಿದ್ದರೆ ಗಾಡಿ ಮುಂದಕ್ಕೆ ಮುಗ್ಗರಿಸುತ್ತಿತ್ತು. ಹಾಗಾಗಿ ಗಾಡಿ ಮುಂದೆ ಹೋದರೂ ನಾನು ಹಿಂದೆ ಬರುವವರಿಗೆ ಮುಖ ಮಾಡಿ ಕೂರಬೇಕು. ಅದು ನಾನು ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೂ ಅದಕ್ಕಿಂತ ಒಳ್ಳೆಯದು ಹೊಳೆಯುತ್ತಿರಲಿಲ್ಲ.

ಮುಂಗಾರಿನ ಮಿರಗದ ಮಳೆಗೆ ಹದಿನೈದು ದಿನ ಇದ್ದಾಗ ಅಂದೋಲಾದಲ್ಲಿ ಒಂದು ಮದುವೆ ಒಪ್ಪಿಕೊಂಡೆವು. ಹುಡುಗಿ ಅಂದೋಲಾದವಳು, ಹುಡುಗ ಅಫಜಲಪುರದವನು. ಹುಡುಗನ ಕಡೆಯವರು ತಮ್ಮ ಊರಿನ ಬ್ಯಾಂಡು ತರುತ್ತಾರೆ ಅಂದರು ಇಮಾಮಸಾಬರು. ಯಾರದು ಅಂತ ಕೇಳುವ ಅಗತ್ಯ ಇರಲಿಲ್ಲ. ನಮ್ಮ ಸೀಮೆಯಲ್ಲಿ ಹುಡುಗನ ದಿಬ್ಬಣ ಬಂದರೆ ಊರ ಹೊರಗಿನ ಹಣಮಂದೇವರ ಗುಡಿಯ ಹತ್ತಿರ ನಿಲ್ಲಿಸಿ ಎದುರುಗೊಳ್ಳುತ್ತಾರೆ. ಎರಡು ಕಡೆಯ ಬ್ಯಾಂಡು ಎದುರುಬದುರು ನಿಂತು, ಒಂದರ ಹಾಡು ಒಂದು ಕೇಳದವರ ಹಾಗೆ ಬಾರಿಸುತ್ತವೆ. ಬ್ಯಾಂಡಿನವರೊಳಗೆ ಒಂದು ಕಟ್ಟು ಉಂಟು. ಯಾರ ತಾಳ ಎದುರಿನವರ ತಾಳಕ್ಕೆ ಜಾರುತ್ತದೋ ಅವರು ಮದುವೆ ಮನೆಯ ತನಕ ಹಿಂದೆ ನಡೆಯಬೇಕು. ಬೀಗರಿಗೆ ಇದು ಗೊತ್ತೂ ಇರುವುದಿಲ್ಲ. ನಮಗೆ ಮಾತ್ರ ಅದು ಮಾನದ ಪ್ರಶ್ನೆ. ರುಕ್ಮಣ್ಣ ಮಾಸ್ತರ ತನ್ನ ಜೀವಮಾನದಲ್ಲಿ ಹಿಂದೆ ನಡೆದವನಲ್ಲ, ಅದನ್ನು ಅವನೇ ನೂರು ಸಲ ಹೇಳಿಕೊಂಡಿದ್ದ.

ಅವತ್ತು ಹತ್ತು ಗಂಟೆಗೇ ಕರಿಮಣ್ಣು ಸುಡುತ್ತಿತ್ತು. ಗುಡಿಯ ಮುಂದಿನ ಬೇವಿನ ಗಿಡದ ಕೆಳಗೆ ಹೆಣ್ಣಿನ ಕಡೆಯವರು ಆರತಿ ಹಿಡಿದು ನಿಂತಿದ್ದರು. ಹುಡುಗನ ಜೀಪು ಬಂತು. ಅದರ ಮುಂದೆ ಮಾಸ್ತರ, ಬಿಳಿ ಪ್ಯಾಂಟು, ಬಿಳಿ ಟೊಪ್ಪಿಗೆ, ಕೈಯಲ್ಲಿ ಕ್ಲಾರಿನೆಟ್. ಅವನ ಬಲಕ್ಕೆ ನನ್ನ ಕೋಟು ತೊಟ್ಟ ಸಿದ್ದು. ದೊಡ್ಡ ಡ್ರಮ್ಮಿಗೆ ಶಿವರಾಯ, ಮೂರು ವರ್ಷ ನನ್ನ ಪಕ್ಕದಲ್ಲೇ ನಡೆದವನು. ಮಾಸ್ತರ ನನ್ನನ್ನು ನೋಡಿದ, ಗಾಡಿಯನ್ನು ನೋಡಿದ, ನಕ್ಕ. ಪಕ್ಕದವನಿಗೆ ಏನೋ ಹೇಳಿದ, ಅವನೂ ನಕ್ಕ. ನಗಲಿ ಅಂದುಕೊಂಡೆ. ನಗುವ ಬಾಯಿಂದ ಕ್ಲಾರಿನೆಟ್ ಊದಲು ಬರುವುದಿಲ್ಲ.

ಅವರು ಶುರು ಮಾಡಿದರು. ಚೆನ್ನಾಗಿಯೇ ಬಾರಿಸಿದರು. ಎಂದಿನ ಹಾಗೆ ಎಲ್ಲವೂ ಭರ್ತಿ. ನಮ್ಮವರೂ ಶುರು ಮಾಡಿದರು, ನಾನು ಮಾತ್ರ ಕೈ ಕಟ್ಟಿ ಕೂತಿದ್ದೆ. ಇಮಾಮಸಾಬರು ಎರಡು ಸಲ ತಿರುಗಿ ನೋಡಿದರು. ಆಮೇಲೆ ತುಳಿದೆ. ಒಂದೇ ಪೆಟ್ಟು. ಗುಡಿಯ ಗೋಡೆಗೆ ಬಡಿದು ತಿರುಗಿ ಬಂತು. ಅದು ತಿರುಗಿ ಬರುವ ತನಕ ಬಿಟ್ಟು, ಒಂದು ಕೂದಲೆಳೆ ತಡಮಾಡಿ, ಸೈಡ್ ಡ್ರಮ್ಮಿಗೆ ಬಲವಾದೊಂದು ಪೆಟ್ಟು. ಆಮೇಲೆ ಖಾಲಿ.

ನಾನು ಆ ಬೇಸಿಗೆ ಪೂರ್ತಿ ಲೆಕ್ಕ ಹಾಕಿದ್ದು ಬೇರೆ. ನನ್ನ ತೂಕಕ್ಕೆ ಅವರು ಬೆದರುತ್ತಾರೆ ಅಂದುಕೊಂಡಿದ್ದೆ. ಆದದ್ದು ಅದಲ್ಲ. ನನ್ನ ಆ ಖಾಲಿ ಜಾಗದೊಳಗೆ ಎದುರಿನಿಂದ ಒಂದು ಗಿರಗಿರ ಕೇಳಿತು. ಶಿವರಾಯ. ಪಾಪ, ಅವನಿಗೆ ಅದು ಗೊತ್ತೂ ಇರಲಿಲ್ಲ. ಖಾಲಿ ಕಂಡರೆ ತುಂಬಬೇಕು ಅಂತ ಅವನ ಕೈಗೆ ಮಾಸ್ತರನೇ ಕಲಿಸಿದ್ದ, ಆ ಖಾಲಿ ಯಾರದು ಅಂತ ಕೈ ಕೇಳುವುದಿಲ್ಲ. ನಾನು ಮುಂದಿನದನ್ನು ಇನ್ನಷ್ಟು ಅಗಲ ಬಿಟ್ಟೆ. ಈ ಸಲ ಝಾಂಜಿನವನೂ ಬಂದ. ನನ್ನ ಪೆಟ್ಟಿನ ಬೆನ್ನಿಗೆ ಅವರ ಭರ್ತಿ, ನನ್ನ ಪೆಟ್ಟಿನ ಬೆನ್ನಿಗೆ ಅವರ ಭರ್ತಿ. ತುಂಬುತ್ತಾ ತುಂಬುತ್ತಾ ಅವರು ತಮ್ಮ ತಾಳ ಬಿಟ್ಟು ನನ್ನದಕ್ಕೆ ಬಂದು ನಿಂತರು. ಕೊನೆಗೆ ಬಂದವನು ಸಿದ್ದು. ಕ್ಲಾರಿನೆಟ್ಟೊಂದೇ ಹಳೆಯ ತಾಳದಲ್ಲಿ ಒಂಟಿಯಾಗಿ ಓಡುತ್ತಿತ್ತು.

ಮಾಸ್ತರ ಬಾಯಿಂದ ಕ್ಲಾರಿನೆಟ್ ತೆಗೆದು ಹಿಂದಕ್ಕೆ ತಿರುಗಿದ. "ಭರ್ತಿ ಮಾಡಬ್ಯಾಡ್ರಿ ಲೇ," ಅಂದ. "ಖಾಲಿ ಬಿಡ್ರಿ, ಖಾಲಿ ಬಿಡ್ರಿ."

ಅವನ ಬಾಯಿಂದಲೇ ಆ ಮಾತು ಬಂತು. ನಾನು ಅದನ್ನು ಇಂದಿಗೂ ಊಟದ ಮೇಲಿನ ಎಲೆಯಡಿಕೆಯ ಹಾಗೆ ಆಗಾಗ ಮೆಲ್ಲುತ್ತೇನೆ. ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. ಎರಡೂ ಕೋಲುಗಳನ್ನು ಅವನಿಗೆ ಕಾಣುವ ಹಾಗೆ ಮೇಲೆತ್ತಿ ಗಾಡಿಯಿಂದ ಆಚೆ ಒಗೆದೆ. ಕಾಲು ಇಂಗ್ಲಿಷಿನವನದು, ಕೈ ಅಪ್ಪನದು. ಬರಿಗೈಯಿಂದ ಹಲಗಿಯ ನಡೆ ಹಿಡಿದೆ. ಬೇವಿನ ಕೆಳಗಿದ್ದ ಮುದುಕನೊಬ್ಬ, "ಇದು ಹಲಗಿ ಅದಲ್ಲೋ," ಅಂದ. ಅಂದವನೇ ಟವೆಲ್ ಕೊಡವಿ ಕುಣಿಯಲು ಬಂದ. ಅವನ ಹಿಂದೆ ಹುಡುಗನ ಸೋದರಮಾವ, ಅವನ ಹಿಂದೆ ಜೀಪಿನ ಡ್ರೈವರು. ಮದುವೆಗೆ ಬೇಡವಾಗಿದ್ದ ಕೈಗೆ ಮದುವೆಯೇ ಕುಣಿಯಿತು.

ಗಾಡಿ ಹೊರಟಿತು. ಗುಡಿಯಿಂದ ಹೆಣ್ಣಿನ ಮನೆಗೆ ಒಂದು ಮೈಲಿ. ಅವರು ಹಿಂದೆ ನಡೆದರು. ನಾನು ಅವರಿಗೆ ಮುಖ ಮಾಡಿ ಕೂತಿದ್ದೆ. ಆ ಒಂದು ಮೈಲಿ ಪೂರ್ತಿ ನಾನು ಮಾಸ್ತರನ ಮುಖವನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಬೆವರು ಟೊಪ್ಪಿಗೆಯಿಂದ ಇಳಿದು ಹುಬ್ಬಿಗೆ ಬಂದದ್ದು, ಹುಬ್ಬಿನಿಂದ ಕಣ್ಣಿಗೆ ಹೋದದ್ದು, ಅವನು ಒರೆಸಿಕೊಳ್ಳದೆ ನಡೆದದ್ದು. ನನಗೆ ಕರುಣೆ ಬರಲಿಲ್ಲ. ದಾರಿ ಇನ್ನೊಂದು ಮೈಲಿ ಇದ್ದರೆ ಅನ್ನಿಸಿತು.

ಊಟದ ಹೊತ್ತಿಗೆ ಅವನು ಗಾಡಿಯ ಹತ್ತಿರ ಬಂದ. ಪೆಡಲನ್ನು ಬಗ್ಗಿ ನೋಡಿದ, ಬೆರಳಿನಿಂದ ಒಮ್ಮೆ ಒತ್ತಿದ. "ಹಲಗಿ ಕೈ ಅಂದಿದ್ದೆ. ಹೌದು, ಹಲಗಿ ಕೈನೇ ಅದ," ಅಂದು ಹೋದ. ಸೋತದ್ದಕ್ಕೆ ಅಂದನೋ, ಸೋಲಲಿಲ್ಲ ಅಂತ ಅಂದನೋ. ಎರಡು ತಿಂಗಳಿಂದ ಅವನಿಗಾಗಿ ನಾಲ್ಕು ಮಾತು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅದಕ್ಕಾಗಿ ಅವನನ್ನು ಇನ್ನೂ ಒಂದು ಕೈ ಹೆಚ್ಚೇ ದ್ವೇಷಿಸಿದೆ.

ಊರಿಗೆ ಬಂದಾಗ ಅಂಗೈ ಗುಳ್ಳೆ ಎದ್ದು ಒಡೆದು ಹೋಗಿತ್ತು. ಅಪ್ಪ ಕೈ ಹಿಡಿದು ತಿರುಗಿಸಿ ನೋಡಿದ. ಆ ಗುಳ್ಳೆಗಳು ಯಾವುದರಿಂದ ಏಳುತ್ತವೆ ಅಂತ ಅವನಿಗೆ ಹೇಳಬೇಕಾಗಿರಲಿಲ್ಲ. ನಾನು ಎಲ್ಲ ಹೇಳಿದೆ. ಕೊನೆಗೆ, "ಅಂವಾ ಹಿಂದ ನಡದ ಅಪ್ಪಾ, ನಾ ಮುಂದ ಇದ್ದೆ," ಅಂದೆ.

ಅಪ್ಪ ಕೊಬ್ಬರಿ ಎಣ್ಣೆ ತಂದು ಹಚ್ಚುತ್ತಾ, "ನಾ ಎಷ್ಟ್ ವರ್ಷ ಮುಂದ ನಡದೀನಿ ಗೊತ್ತೇನು," ಅಂದ. "ಊರಾಗಿನ ದೊಡ್ಡ ದೊಡ್ಡ ಮಂದಿ ಎಲ್ಲಾ ನನ್ನ ಹಿಂದೇ ಬಂದಾರ. ಹೆಣ ಹೊತ್ಕೊಂಡ. ಮುಂದ ಇದ್ದಂವಾ ಗೆದ್ದ ಅಂತ ನನಗ ಹೇಳಬ್ಯಾಡ. ಯಾರ ಕರದ್ರ ಹೋಗ್ತಿ, ಯಾರ ಕರದ್ರ ಹೋಗಂಗಿಲ್ಲ, ಅದು ನಿನ್ನ ಕೈಯಾಗ ಇರಲಿ."

ಆ ದಿನಕ್ಕೆ ಆ ಮಾತು ನನಗೆ ರುಚಿಸಲಿಲ್ಲ. ಗೆದ್ದು ಬಂದವನ ತಲೆಯ ಮೇಲೆ ನೀರು ಸುರಿದ ಅಂತ ಅಪ್ಪನ ಮೇಲೂ ಸಿಟ್ಟಾದೆ. ಆಮೇಲೆ ಜೇವರ್ಗಿ ಬ್ಯಾಂಡಿನಲ್ಲಿ ಐದಾರು ವರ್ಷ ಬಾರಿಸಿದೆ, ಮದುವೆ ಮಾಡಿಕೊಂಡೆ, ಅಂಗಡಿ ಹಾಕಿದೆ. ಅಪ್ಪ ಹೋದ. ಮಾಸ್ತರನ ಬ್ಯಾಂಡು ಬರುವ ಮದುವೆಗೆ ನಾನು ಎಂದೂ ಹೋಗಲಿಲ್ಲ. ಅವನ ಕ್ಲಾರಿನೆಟ್ ದೂರದಲ್ಲಿ ಕೇಳಿದರೂ ಅಂಗಡಿಯ ರೇಡಿಯೋ ಜೋರು ಮಾಡುತ್ತಿದ್ದೆ.

ಇಷ್ಟೆಲ್ಲ ನೆನೆಸಿಕೊಂಡು ಮುಗಿಯುವ ತನಕ ಸಿದ್ದು ಸ್ಟೂಲಿನ ಮೇಲೆ ಕಾಯ್ದ. ನಾನು, "ಏನ್ ಕೇಳಾಕ ಬಂದಿದ್ದಿ?" ಅಂದೆ.

"ಮಾವ ಹೇಳಿ ಹೋಗ್ಯಾನ್ರಿ," ಅಂದ. ತಲೆ ಎತ್ತಲಿಲ್ಲ. "ಈ ಕೋಟು ನಿಮಗ ಕೊಡಬೇಕಂತ. ಮತ್ತ ಅವನ ಹೆಣದ ಮುಂದ ನೀವೇ ಬಾರಸಬೇಕಂತ. ಅರ್ಜುನನ ಕೈ ಬೇಕು ಅಂದ."

ಅಂಗಡಿಯ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು, ಅದರ ಪಕ್ಕಕ್ಕೆ ಅಪ್ಪನದು. ಹೆಣದ ಮುಂದೆ ಛಲೋ ಅಂದಿದ್ದವನು ತನ್ನ ಮಾತನ್ನು ತಾನು ಸತ್ತು ಪೂರ್ತಿ ಮಾಡಿಸಿಕೊಳ್ಳಲು ನೋಡುತ್ತಿದ್ದ. ಅಥವಾ ಮೆಚ್ಚಿಯೇ ಕರೆದಿದ್ದನೇನೋ. ಮೆಚ್ಚಿದ್ದರೆ ಹನ್ನೆರಡು ವರ್ಷ ಬದುಕಿದ್ದ, ನಾಲ್ಕು ಓಣಿಯ ಆಚೆಗೇ ಇದ್ದ, ಬಂದು ಹೇಳಬಹುದಿತ್ತು.

"ಆ ಕೆಲಸ ನಮ್ಮಪ್ಪ ಹೊಳಿಗಿ ಬಿಟ್ಟಾನ ಸಿದ್ದು," ಅಂದೆ. "ನಾ ತಿರುಗಿ ತರಂಗಿಲ್ಲ. ನನ್ನ ಕೈ ಹೆಂಗದ ಅಂತ ನಿಮ್ಮ ಮಾವ ಜೀವಂತ ಇದ್ದಾಗ ಒಂದ್ ಮೈಲ್ ಪೂರಾ ಕೇಳ್ಯಾನ. ಸಾಕು."

ಸಿದ್ದು ಎದ್ದ. ಜಗಳ ಮಾಡಲಿಲ್ಲ. "ಕೋಟ್ ಇರಲ್ರಿ," ಅಂದು ಹೋದ.

ಅವನು ಹೋದ ಮೇಲೆ ಬ್ಲೇಡು ತಗೊಂಡು ಕೋಟಿನ ಒಳಹೊಲಿಗೆ ಬಿಚ್ಚಿದೆ. ಮೌಲಾಸಾಬ ಮಾತಿನವನು. ಎಲ್ಲಿಯೂ ಕತ್ತರಿ ಹಾಕಿರಲಿಲ್ಲ. ಎರಡೂ ಬಗಲಲ್ಲಿ ನಾಲ್ಕು ನಾಲ್ಕು ಬೆರಳಗಲ ಬಟ್ಟೆ ಮಡಿಕೆಯೊಳಗೇ ಇತ್ತು. ಹೊರಗಿನದು ಬಿಸಿಲಿಗೆ ಮಾಸಿ ಇಟ್ಟಿಗೆಯ ಬಣ್ಣವಾಗಿತ್ತು, ಒಳಗಿನದು ಹೊಲಿದ ದಿನದ ಹಾಗೆ ಕೆಂಪಗಿತ್ತು. ತೊಟ್ಟು ನೋಡಿದೆ. ಹೊಟ್ಟೆಯ ಮೇಲಿನ ಗುಂಡಿ ಹತ್ತಲಿಲ್ಲ, ಉಳಿದವು ಹತ್ತಿದವು.

ನಾಲ್ಕರ ಹೊತ್ತಿಗೆ ಹೆಣ ಬಂತು. ಅಂಗಡಿಯ ಮುಂದಿನ ರಸ್ತೆಯಿಂದಲೇ ಮಸಣಕ್ಕೆ ದಾರಿ. ಈ ಸಲ ನಾನು ರೇಡಿಯೋ ಹಚ್ಚಲಿಲ್ಲ. ದೂರದಿಂದ ದೊಡ್ಡ ಡ್ರಮ್ಮಿನ ಒಂದು ಪೆಟ್ಟು ಕೇಳಿತು. ಆಮೇಲೆ ಏನೂ ಇಲ್ಲ. ಶಿವರಾಯನ ಗಿರಗಿರ ಬರುತ್ತದೆ ಅಂತ ಕಾಯ್ದೆ, ಬರಲಿಲ್ಲ. ಆಮೇಲೆ ಸೈಡ್ ಡ್ರಮ್ಮು ಬಿತ್ತು, ಸಿದ್ದುವಿನದು. ಬೀಳಬೇಕಾದ ಜಾಗಕ್ಕೆ ಒಂದು ಕೂದಲೆಳೆಯಷ್ಟು ತಡವಾಗಿ.

ಮತ್ತೆ ಖಾಲಿ. ಯಾರೂ ತುಂಬಲಿಲ್ಲ.

ಮೊದಲು ಮೈ ಉರಿಯಿತು. ನನ್ನ ತಾಳವನ್ನು ಮಾಸ್ತರ ಕದ್ದಿದ್ದ. ಅಂದೋಲಾದಲ್ಲಿ ನನ್ನ ಹಿಂದೆ ನಡೆದ ಆ ಒಂದು ಮೈಲಿಯಲ್ಲಿ ಬೆವರನ್ನೂ ಒರೆಸಿಕೊಳ್ಳದೆ ಅವನು ಮಾಡುತ್ತಿದ್ದದ್ದು ಅದು. ನಾನು ಅವನ ಮುಖ ನೋಡುತ್ತಿದ್ದೆ, ಅವನು ನನ್ನ ಕಾಲು ನೋಡುತ್ತಿದ್ದ. ಹನ್ನೆರಡು ವರ್ಷ, ನಾನು ರೇಡಿಯೋ ಜೋರು ಮಾಡಿಕೊಂಡು ಕೂತಿದ್ದಾಗ, ಅವನು ತನ್ನ ಮಂದಿಯ ಬೆರಳುಗಳಿಂದ ತನ್ನನ್ನೇ ಒಂದೊಂದಾಗಿ ಕಿತ್ತುಹಾಕಿ ಅಲ್ಲಿ ನನ್ನನ್ನು ಕೂರಿಸಿದ್ದ. ನನಗೆ ಒಂದು ಮಾತು ಹೇಳಲಿಲ್ಲ.

ಮೆರವಣಿಗೆ ಅಂಗಡಿಯ ಮುಂದೆ ಬಂತು. ಸಿದ್ದು ನನ್ನನ್ನು ನೋಡಿದ, ನನ್ನ ಮೈಮೇಲಿನ ಕೋಟು ನೋಡಿದ, ಬಾರಿಸುತ್ತಾ ಮುಂದೆ ಹೋದ. ಅವನ ಹಿಂದೆ ಮಾಸ್ತರ, ಹೂವಿನೊಳಗೆ. ನಾನು ಹೋಗಲಿಲ್ಲ. ನಾನು ಹೋಗದೆಯೇ ಅವನು ನನ್ನ ತಾಳದ ಹಿಂದೆ ನಡೆದ, ಈ ಸಲ ಮಸಣದ ತನಕ. ಪ್ರತಿ ಖಾಲಿ ಜಾಗಕ್ಕೂ ನನ್ನ ಬೆರಳು ಕೌಂಟರಿನ ಮೇಲೆ ಏಳಲು ನೋಡಿದವು. ಎರಡೂ ಅಂಗೈ ಒತ್ತಿ ಹಿಡಿದುಕೊಂಡು, ಕೊನೆಯ ಪೆಟ್ಟು ಕೇಳಿಸುವ ತನಕ ಅಲ್ಲೇ ನಿಂತಿದ್ದೆ.